ಜಕಣಾಚಾರಿಯೊಬ್ಬನೇ ಕೆತ್ತಿದನೇ?

ಬೇಲೂರಿನ ಚೆನ್ನಕೇಶವ ದೇವಾಲಯ ಯಾರದು ಎಂದು ನಮ್ಮ ಯಾವ ಶಾಲೆಯಲ್ಲಿ ಕೇಳಿದರೂ ಎರಡು ಹೆಸರು ಬರುತ್ತವೆ. ಕಟ್ಟಿಸಿದವನು ವಿಷ್ಣುವರ್ಧನ, ಕೆತ್ತಿದವನು ಜಕಣಾಚಾರಿ. ಮೊದಲನೆಯ ಉತ್ತರಕ್ಕೆ ಶಾಸನದ ಆಧಾರವಿದೆ, ವರ್ಷ 1117. ಎರಡನೆಯದು ಜನರ ಬಾಯಲ್ಲಿ ಉಳಿದುಬಂದ ಕಥೆ. ಮಗ ತಂದೆಯ ಶಿಲೆಯಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ತಂದೆ ತನ್ನ ಕೈಯನ್ನೇ ಕಡಿದುಕೊಂಡದ್ದು ಎಲ್ಲರಿಗೂ ಗೊತ್ತು. ಕಥೆ ಸೊಗಸಾಗಿಯೇ ಇದೆ. ಆದರೆ ಬೇಲೂರಿನ ಶಿಲ್ಪಗಳ ಪೀಠದ ಮೇಲೆ ಶಿಲ್ಪಿಗಳೇ ಕೊರೆದಿಟ್ಟ ಹೆಸರುಗಳಲ್ಲಿ ಜಕಣಾಚಾರಿ ಇಲ್ಲ. ಅಲ್ಲಿರುವ ಹೆಸರುಗಳು ಬೇರೆ, ಮತ್ತು ಅವು ಹಲವು.

ಹೊಯ್ಸಳರ ನಾಡು ಆರಂಭದಲ್ಲಿ ಬಹಳ ಚಿಕ್ಕದು. ಅವರ ಮೂಲಸ್ಥಾನವಾದ ಸೊಸೆವೂರು ಎಂದರೆ ಸಕಲೇಶಪುರಕ್ಕೆ ಉತ್ತರದಲ್ಲಿ, ಮೂಡಿಗೆರೆ ತಾಲ್ಲೂಕಿನಲ್ಲಿರುವ ಇಂದಿನ ಅಂಗಡಿ ಗ್ರಾಮ. 'ಮಲೆಪರೊಳ್ ಗಂಡ' ಎಂಬುದು ಅವರ ಬಿರುದು. ಮಲೆಯ ನಾಯಕರಲ್ಲಿ ಶೂರ ಎಂದರ್ಥ. ಸಕಲೇಶಪುರ, ಆಲೂರುಗಳ ಕಡೆ ಹಬ್ಬಿರುವ ಇದೇ ಬೆಟ್ಟಸೀಮೆಯಿಂದ ಇಳಿದು ಬಂದವರು ಅವರು. ಅಂಗಡಿಯಲ್ಲಿ ಇಂದಿಗೂ ಉಳಿದಿರುವ ಬಸದಿಗಳನ್ನು, ವಾಸಂತಿಕಾ ದೇವಿಯ ಗುಡಿಯನ್ನು ನೋಡಿ ನಂತರ ಬೇಲೂರಿಗೆ ಬಂದರೆ, ಇಷ್ಟು ಬೇಗ ಇಷ್ಟೊಂದು ಕೌಶಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಉತ್ತರ ಆ ಸಹಿಗಳಲ್ಲೇ ಇದೆ. ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಇದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೇವಾಲಯಗಳಿಗೆ, ವಿದ್ಯೆಗೆ ಹೆಸರಾದ ಊರು. ಹೊಯ್ಸಳರು ಆಗ ಚಾಲುಕ್ಯರ ಸಾಮಂತರು. ದೊಡ್ಡ ರಾಜ್ಯದಲ್ಲಿ ಪಳಗಿದ ಕೈಗಳನ್ನು ಚಿಕ್ಕ ರಾಜ್ಯ ಕರೆಸಿಕೊಂಡಿತು. ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ ಮೊದಲಾದವರ ಹೆಸರುಗಳೂ ಅಲ್ಲಿವೆ. ಕಥೆಯಲ್ಲಿ ತಂದೆ ಮಗನಿಗೆ ಸೋಲುತ್ತಾನೆ. ಸಹಿಗಳಲ್ಲಿ ಸಿಗುವ ತಂದೆ ಮಗ ಇಬ್ಬರೂ ಒಂದೇ ಗುಡಿಗೆ ಮದನಿಕೆಯರನ್ನು ಕೆತ್ತಿದವರು. ನನಗಂತೂ ಈ ಎರಡನೆಯ ಜೋಡಿಯೇ ಹೆಚ್ಚು ಪ್ರಿಯ.

ಇವರನ್ನು ಆ ಕಾಲದಲ್ಲಿ ರೂವಾರಿಗಳು ಎನ್ನುತ್ತಿದ್ದರು, ರೂಪವನ್ನು ಮಾಡುವವರು. ದಾಸೋಜ, ನಾಗೋಜ ಎಂಬಲ್ಲಿನ 'ಓಜ' ಉಪಾಧ್ಯಾಯ ಎಂಬ ಮಾತಿನಿಂದ ಬಂದದ್ದು. ಗುರುವಿಗೂ ಕುಶಲಕರ್ಮಿಗೂ ಒಂದೇ ಪದ ಸಲ್ಲುತ್ತಿತ್ತು ಎಂಬುದನ್ನು ಗಮನಿಸಬೇಕು.

ಇವರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬೆಳಕಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮ ಕೆತ್ತನೆಗೆ ಅದು ಒದಗುತ್ತದೆ. ಕಂಬಗಳನ್ನು ತಿರುಗಣೆಗೆ ಹಾಕಿ ಕಡೆಯಲೂ ಸಾಧ್ಯ. ಆದರೆ ಇಂಥ ಕಂಬವನ್ನು ಒಬ್ಬನು ತಿರುಗಿಸಲಾರ. ಬೇಲೂರಿನ 42 ಮದನಿಕೆಯರನ್ನೇ ನೋಡಿ. ಸೂರಿನ ಕೆಳಗಿನವರೆಲ್ಲ ಒಂದೇ ರೀತಿ ಮುಂದಕ್ಕೆ ಬಾಗಿ ನಿಂತಿದ್ದಾರೆ, ಒಬ್ಬಳಂತೆ ಇನ್ನೊಬ್ಬಳಿಲ್ಲ. ಅಳತೆ ಎಲ್ಲರಿಗೂ ಒಂದೇ ಇತ್ತು, ಆ ಅಳತೆಯೊಳಗಿನ ಕಲ್ಪನೆ ಅವರವರದು ಎಂದೇ ಇದರಿಂದ ತಿಳಿಯಬೇಕಾಗುತ್ತದೆ.

ಹೊಂದಾಣಿಕೆ ಎಂದರೆ ಪೈಪೋಟಿ ಇರಲಿಲ್ಲ ಎಂದಲ್ಲ. ಎದುರಾಳಿ ಶಿಲ್ಪಿಗಳನ್ನು ಮಣಿಸಿದವನು ಎಂಬ ಅರ್ಥದ ಬಿರುದುಗಳನ್ನು ಕೆಲವರು ಹೆಸರಿನ ಜೊತೆಗೇ ಕೊರೆದುಕೊಂಡಿದ್ದಾರೆ! ಈ ಎರಡೂ ಗುಣಗಳು ಒಂದೇ ಕಡೆ ಸೇರಿರುವುದನ್ನು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬೇಕು. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಅಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದ. ಹೊರಗೋಡೆಯ ದಕ್ಷಿಣ ಭಾಗದ ಶಿಲ್ಪಗಳು ಬೈಚೋಜನವು, ಉತ್ತರ ಭಾಗದವು ಮಲ್ಲಿತಮ್ಮನವು. ಇಬ್ಬರು ನುರಿತ ಶಿಲ್ಪಿಗಳು ಒಂದೇ ಗುಡಿಯ ಗೋಡೆಗಳನ್ನು ಹಂಚಿಕೊಂಡು, ಗುಡಿಯ ಒಟ್ಟಂದ ಕೆಡದಂತೆ ಕೆಲಸ ಮುಗಿಸಿದ್ದಾರೆ.

ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಹಿಡಿದು ಸೋಮನಾಥಪುರದವರೆಗೆ, 60 ವರ್ಷಕ್ಕೂ ಮೀರಿದ ಅವಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೆಡೆ 'ಮಲ್ಲಿ' ಎಂದಷ್ಟೇ, ಇನ್ನು ಕೆಲವೆಡೆ ಬರಿಯ 'ಮ' ಎಂದು. ಕಲ್ಲು ಸಾಗಿಸಿದ ಗಾಡಿಯವರು, ದಿನವೂ ಉಳಿ ಹದ ಮಾಡಿಕೊಟ್ಟ ಕಮ್ಮಾರರು ಆ ಒಂದಕ್ಷರವನ್ನೂ ಬಿಟ್ಟುಹೋಗಲಿಲ್ಲ.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಬೇಲೂರಿನ ದೇವಾಲಯವನ್ನು ಕುರಿತ ಆರ್. ನರಸಿಂಹಾಚಾರ್ಯರ ಪುಸ್ತಕ ಬಂದದ್ದು 1919ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಪ್ರವಾಸದ ಬಸ್ಸುಗಳು ಅತ್ತ ತಿರುಗುವುದು ಕಡಿಮೆ. ಹೋದವರು ಮೊದಲು ಉತ್ತರದ ಗೋಡೆಯನ್ನು, ಆಮೇಲೆ ದಕ್ಷಿಣದ್ದನ್ನು ನಿಧಾನವಾಗಿ ನೋಡಲಿ. ಎರಡು ಕೈಗಳ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ.