ಮೂಗಿನ ಸಮತೆ: ಎಲೆಯ ಅಳತೆಯಿಂದ ಇಂದಿನವರೆಗೆ

‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ದುಡುಕಿನಿಂದಾದ ಹಾನಿಗೆ ಪರಿಹಾರವಿಲ್ಲವೆಂಬ ನೀತಿಯನ್ನು ಸಾರಲು ಹಿರಿಯರು ಮೂಗನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಮೂಗು ಮುಖದ ನಟ್ಟನಡುವಿನ ಅವಯವ. ದೇಹದ ಇತರ ಊನಗಳನ್ನು ಬಟ್ಟೆಯಿಂದ ಮರೆಮಾಡಬಹುದು. ಮೂಗಿನ ಊನವನ್ನು ಮರೆಮಾಡುವುದು ಕಷ್ಟ. ಆದುದರಿಂದಲೇ ಮಾನಕ್ಕೂ ಮೂಗಿಗೂ ನಮ್ಮ ಭಾಷೆಯಲ್ಲಿ ನಂಟು ಬೆಳೆಯಿತು. ಆದುದರಿಂದಲೇ ದಂಡನೆಯ ಹೆಸರಿನಲ್ಲಿ ಮೂಗನ್ನು ಕೊಯ್ಯುವ ಕ್ರೂರ ಪದ್ಧತಿಯೂ ಬೆಳೆಯಿತು. 17ನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರಿಗೂ ಮಧುರೆಯ ತಿರುಮಲ ನಾಯಕನಿಗೂ ನಡೆದ ಕದನದಲ್ಲಿ ಸೈನಿಕರು ಶತ್ರುಗಳ ಮೂಗುಗಳನ್ನು ಕೊಯ್ದರು. ಆ ಕದನಕ್ಕೆ ‘ಮೂಗುಗಳ ಬೇಟೆ’ ಎಂಬ ಹೆಸರೇ ಇತಿಹಾಸದಲ್ಲಿ ಉಳಿದಿದೆ.

ಕೊಯ್ಯುವ ಕೈ ಇದ್ದ ನಾಡಿನಲ್ಲಿಯೇ ಕಟ್ಟುವ ಕೈಯೂ ಇತ್ತೆಂಬುದು ಸಮಾಧಾನದ ಸಂಗತಿ. ಹೋದ ಮೂಗನ್ನು ಮರಳಿ ತರುವ ವಿದ್ಯೆ ಜಗತ್ತಿಗೆ ಭಾರತದಿಂದ ಹೋಯಿತು. ಆದರೆ ಮೂಗು ಮರಳಿ ಬಂದೊಡನೆ ಎರಡನೆಯ ಪ್ರಶ್ನೆಯೊಂದು ಎದ್ದಿತು: ಬಂದ ಮೂಗು ನೆಟ್ಟಗಿದೆಯೆ? ಅದರ ಎರಡು ಮಗ್ಗುಲುಗಳು ಸಮವಾಗಿವೆಯೆ? ಸಮವೆಂದು ಹೇಳುವವರು ಯಾರು, ಯಾವ ಅಳತೆಗೋಲಿನಿಂದ? ಇಂದು ಸೌಂದರ್ಯಕ್ಕಾಗಿ ನಡೆಯುವ ಮೂಗಿನ ಶಸ್ತ್ರಚಿಕಿತ್ಸೆಯ ಕೇಂದ್ರದಲ್ಲಿ ಇರುವುದು ಇದೇ ಪ್ರಶ್ನೆ. ಅದರ ಇತಿಹಾಸವನ್ನು ಅರಿತರೆ, ಇಂದಿನ ಮನೆಗಳಲ್ಲಿ ಏಳುವ ಹಲವು ಸಂದೇಹಗಳಿಗೂ ಉತ್ತರ ದೊರೆಯುತ್ತದೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಮೂಗನ್ನು ಕಟ್ಟುವ ವಿಧಾನ ಬಂದಿದೆ. ಮೊದಲು ಹೋದ ಭಾಗದಷ್ಟೇ ಅಳತೆಯ ಎಲೆಯೊಂದನ್ನು ಮರದಿಂದ ತರಬೇಕು. ಆ ಎಲೆಯ ಪ್ರಮಾಣಕ್ಕೆ ಸರಿಯಾಗಿ ಕೆನ್ನೆಯ ಚರ್ಮವನ್ನು, ಒಂದು ಕಡೆ ಅಂಟಿಕೊಂಡಿರುವಂತೆಯೇ ಬಿಡಿಸಿ, ಕೆರೆದು ಸಿದ್ಧಪಡಿಸಿದ ಮೂಗಿನ ಬುಡಕ್ಕೆ ಜೋಡಿಸಬೇಕು. ಹೊಳ್ಳೆಗಳು ಮುಚ್ಚಿಹೋಗದಂತೆ ಎರಡು ನಾಳಗಳನ್ನು ಇರಿಸಿ ಎತ್ತಿ ನಿಲ್ಲಿಸಬೇಕು. ಗಾಯ ಕೂಡಿಕೊಂಡ ಮೇಲೆ ಮೂಗು ಕಿರಿದಾಗಿ ಕಂಡರೆ ಅದನ್ನು ಬೆಳೆಸಲು ಯತ್ನಿಸಬೇಕು. ಮಾಂಸ ಮಿತಿಮೀರಿ ಬೆಳೆದಿದ್ದರೆ ಅದನ್ನು ಸಮಗೊಳಿಸಬೇಕು. ಈ ಕೊನೆಯ ಮಾತು ಗಮನಾರ್ಹವಾದುದು. ಮೊದಲ ಪ್ರಯತ್ನದಲ್ಲಿಯೇ ಸಮತೆ ದೊರೆಯುವುದಿಲ್ಲ, ಗಾಯ ಮಾಗಿದ ಮೇಲೆ ನೋಡಿ ತಿದ್ದಬೇಕು ಎಂಬ ಅನುಭವದ ವಿವೇಕ ಅದರಲ್ಲಿದೆ. ಅಳೆಯುವುದು, ಕಾಯುವುದು, ತಿದ್ದುವುದು ಎಂಬ ಮೂರು ಹೆಜ್ಜೆಗಳು ಅಂದೇ ನಿಶ್ಚಿತವಾಗಿದ್ದವು.

ಈ ವಿದ್ಯೆ ಗ್ರಂಥದಲ್ಲಿ ಮಾತ್ರ ಉಳಿಯಲಿಲ್ಲ. ಓದು ಬರಹವಿಲ್ಲದ ಕುಶಲಕರ್ಮಿಗಳ ಕೈಯಲ್ಲಿ ತಲೆಮಾರುಗಳವರೆಗೆ ಜೀವಂತವಾಗಿತ್ತು. ಅದು ಯುರೋಪಿನ ಕಣ್ಣಿಗೆ ಬಿದ್ದದ್ದು ಮೈಸೂರು ಯುದ್ಧದ ಕಾರಣದಿಂದ. ಕವಾಸ್ಜಿ ಎಂಬ ಮರಾಠಿ ರೈತನೊಬ್ಬ 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದೊಡನೆ ಎತ್ತು ಹೊಡೆಯುವವನಾಗಿ ಬಂದಿದ್ದನು. ಅವನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಸೇರಿದನೆಂದು ಅಂದಿನ ವರದಿ ತಿಳಿಸುತ್ತದೆ. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಮೂಗಿಲ್ಲದೆ ಬಾಳಿದ ಅವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗನ್ನು ಕಟ್ಟಿಕೊಟ್ಟನು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಈ ವೃತ್ತಾಂತ ಚಿತ್ರಸಮೇತ ಪ್ರಕಟವಾಯಿತು. ಮೂಗು ಕಳೆದುಕೊಂಡವನ ಹೆಸರು ಉಳಿಯಿತು. ಕಟ್ಟಿಕೊಟ್ಟವನ ಹೆಸರನ್ನು ವರದಿಗಾರನು ಬರೆಯಲಿಲ್ಲ.

ಆ ಹೆಸರಿಲ್ಲದ ಕುಶಲಿಯ ಕ್ರಮವನ್ನು ವಿವರವಾಗಿ ನೋಡಬೇಕು. ಅವನ ಅಳತೆಗೋಲು ಎಲೆಯಲ್ಲ, ಮೇಣ. ತೆಳುವಾದ ಮೇಣದ ಹಾಳೆಯನ್ನು ಉಳಿದ ಮೂಗಿನ ಬುಡದ ಮೇಲೆ ಇರಿಸಿ, ನೋಡಲು ಚೆನ್ನಾಗಿರುವ ಮೂಗಿನಂತೆ ರೂಪಿಸುವುದು ಮೊದಲ ಕೆಲಸ. ಅನಂತರ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸುವುದು. ಎರಡು ಕಣ್ಣುಗಳ ನಡುವೆ ಚಿಕ್ಕದೊಂದು ಪಟ್ಟಿಯನ್ನು ಕಡಿಯದೆ ಉಳಿಸುವುದು. ರಕ್ತಸಂಚಾರಕ್ಕೆ ಅದೇ ದಾರಿ. ಆ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೂಗಿನ ಬುಡದಲ್ಲಿಯೂ ಮೇಲ್ದುಟಿಯ ಮೇಲೆಯೂ ಮಾಡಿದ ಸೀಳಿನಲ್ಲಿ ಕೂರಿಸುವುದು. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಅಂಟಿಸುವುದು. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆಯ ತುಣುಕುಗಳು. ಸುಮಾರು ಇಪ್ಪತ್ತೈದನೆಯ ದಿನ ನಡುವಣ ಪಟ್ಟಿಯನ್ನು ಕಡಿದು, ಅಂದಕ್ಕಾಗಿ ಇನ್ನಷ್ಟು ತಿದ್ದುವುದು.

ಸಮತೆಯನ್ನು ಆ ಕುಶಲಿ ಮೊದಲು ಮೇಣದಲ್ಲಿ ಕಂಡನು, ಆಮೇಲೆ ಚರ್ಮದಲ್ಲಿ ಹುಡುಕಿದನು. ಮೇಣ ತಪ್ಪಿದರೆ ಮತ್ತೆ ಹಿಸುಕಬಹುದು. ಹಣೆಯ ಚರ್ಮ ತಪ್ಪಿದರೆ ಮತ್ತೊಂದು ಹಣೆ ಇಲ್ಲ. ಕೊಯ್ಯುವ ಮೊದಲು ಕಣ್ಣಿನಿಂದ ನಿರ್ಣಯಿಸಬೇಕೆಂಬ ಈ ಸಂಯಮವೇ ಮುಂದಿನ ಎಲ್ಲ ವಿಧಾನಗಳ ಅಡಿಪಾಯ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರಕ್ಕೆ ಆಧಾರವಾದ ವರ್ಣಚಿತ್ರವನ್ನು 1794ರ ಜನವರಿಯಲ್ಲಿ, ಎಂದರೆ ಶಸ್ತ್ರಕ್ರಿಯೆಯಾದ ಹತ್ತು ತಿಂಗಳ ಮೇಲೆ, ಬರೆಯಲಾಗಿತ್ತು. ಊತ ಇಳಿದು ಚರ್ಮ ನೆಲೆಗೊಳ್ಳುವವರೆಗೆ ತೀರ್ಪು ಕೊಡಬಾರದೆಂಬ ಇಂದಿನ ನಿಯಮಕ್ಕೂ ಆ ಅವಧಿ ಒಪ್ಪುತ್ತದೆ.

ಯುರೋಪಿನಲ್ಲಿಯೂ ಈ ವಿದ್ಯೆ ಮೊದಲು ಇರಲಿಲ್ಲವೆಂದಲ್ಲ. ಇಟಲಿಯ ಬೊಲೋನ್ಯ ನಗರದ ಗಸ್ಪಾರೆ ತಾಲ್ಯಕೋಜಿ ಅವರು ತೋಳಿನ ಚರ್ಮದಿಂದ ಮೂಗು ಕಟ್ಟುವ ವಿಧಾನವನ್ನು 1597ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಚರ್ಮ ಕೂಡಿಕೊಳ್ಳುವವರೆಗೆ ರೋಗಿಯ ತೋಳನ್ನು ಮುಖಕ್ಕೆ ಬಿಗಿಯಬೇಕಾಗಿದ್ದ ಆ ಕಷ್ಟದ ವಿಧಾನ ಕ್ರಮೇಣ ಮರೆಯಾಯಿತು. ಪುಣೆಯ ವರದಿ ಮರೆತ ವಿದ್ಯೆಗೆ ಮರುಜೀವ ಕೊಟ್ಟಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅವರು 1814ರ ಅಕ್ಟೋಬರ್ 23ರಂದು ಸೇನಾಧಿಕಾರಿಯೊಬ್ಬನಿಗೆ ಭಾರತೀಯ ವಿಧಾನದಿಂದ ಮೂಗನ್ನು ಕಟ್ಟಿ, 1816ರಲ್ಲಿ ಅದನ್ನು ಪ್ರಕಟಿಸಿದರು. ಬರ್ಲಿನ್ನಿನ ಫಾನ್ ಗ್ರೇಫ ಅವರ 1818ರ ಗ್ರಂಥ ಈ ಚಿಕಿತ್ಸೆಗೆ ‘ರೈನೋಪ್ಲಾಸ್ಟಿ’ ಎಂಬ ಹೆಸರನ್ನು ರೂಢಿಗೆ ತಂದಿತು.

ಇಲ್ಲಿಯವರೆಗಿನ ರೋಗಿಗಳೆಲ್ಲ ಮೂಗನ್ನು ಕಳೆದುಕೊಂಡವರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅರಿವಳಿಕೆಯೂ ನಂಜುನಿವಾರಣೆಯೂ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ನೋವಿನ ಭಯ, ಸಾವಿನ ಭಯ ತಗ್ಗಿದೊಡನೆ, ಇರುವ ಮೂಗನ್ನೇ ತಿದ್ದಿಸಿಕೊಳ್ಳುವವರು ಬಂದರು. ಅಮೆರಿಕದ ರಾಚೆಸ್ಟರ್ ನಗರದ ಜಾನ್ ಆರ್ಲಾಂಡೊ ರೋ ಅವರು 1887ರಲ್ಲಿ ಹೊರಗೆ ಕಲೆ ಉಳಿಯದಂತೆ ಮೂಗಿನ ಒಳಗಿನಿಂದಲೇ ತುದಿಯನ್ನು ತಿದ್ದುವ ಕ್ರಮವನ್ನು ಪ್ರಕಟಿಸಿದರು. ನ್ಯೂಯಾರ್ಕಿನ ರಾಬರ್ಟ್ ವೀರ್ ಅವರು 1892ರಲ್ಲಿ ಹೊಳ್ಳೆಗಳ ಬುಡದಿಂದ ಸಣ್ಣ ತುಣುಕನ್ನು ತೆಗೆದು ಅಗಲವನ್ನು ಕಡಿಮೆ ಮಾಡುವ ವಿಧಾನವನ್ನು ತಿಳಿಸಿದರು.

ಬರ್ಲಿನ್ನಿನ ಜಾಕ್ ಜೋಸೆಫ್ ಅವರ ಕಥೆ ಹೆಚ್ಚು ಚಿಂತನೆಗೆ ಹಚ್ಚುವಂಥದು. ಮೂಗಿನ ಗಾತ್ರದಿಂದಾಗಿ ಜನರ ನಡುವೆ ಬರಲು ಅಂಜುತ್ತಿದ್ದ ಯುವಕನೊಬ್ಬನ ಮೂಗನ್ನು ಅವರು 1898ರಲ್ಲಿ ಕಿರಿದುಗೊಳಿಸಿದರು. ದೇಹಕ್ಕೆ ರೋಗವಿಲ್ಲದಿದ್ದರೂ ಮನಸ್ಸಿನ ಬಳಲಿಕೆಯೇ ಚಿಕಿತ್ಸೆಗೆ ಸಾಕಾದ ಕಾರಣವೆಂದು ಅವರು ವಾದಿಸಿದರು. ಮುಖದ ಪಾರ್ಶ್ವನೋಟವನ್ನು ಅಳೆಯುವ ಉಪಕರಣಗಳನ್ನು ನಿರ್ಮಿಸಿ, ಮೂಗಿನ ಚಿಕಿತ್ಸೆಗೆ ಅಳತೆಯ ಶಿಸ್ತನ್ನು ತಂದರು. ಜೋಸೆಫ್ ಸ್ವತಃ ಯೆಹೂದಿ. ಮೂಗಿನ ಆಕಾರವನ್ನೇ ಹಿಡಿದು ಯೆಹೂದಿಗಳನ್ನು ಹೀಯಾಳಿಸುತ್ತಿದ್ದ ಸಮಾಜದಲ್ಲಿ ಅವರು ಕೆಲಸಮಾಡಿದರು. ಅವರ ಬಳಿಗೆ ಬಂದ ಯೆಹೂದಿಗಳಲ್ಲಿ ಕೆಲವರಾದರೂ ಆ ಹೀಯಾಳಿಕೆಯಿಂದ ಪಾರಾಗಲು ಬಯಸಿದವರು. ಅವರ ಕಣ್ಣೀರನ್ನು ಒರೆಸಿದ್ದು ಕರುಣೆಯೇ ಸರಿ. ಆದರೆ ಊನವಿದ್ದುದು ಅವರ ಮೂಗಿನಲ್ಲಿಯೋ, ನೋಡುವವರ ಕಣ್ಣಿನಲ್ಲಿಯೋ? ಜೋಸೆಫ್ 1934ರಲ್ಲಿ ತೀರಿಕೊಂಡರು. ಆ ವೇಳೆಗೆ ಜರ್ಮನಿಯಲ್ಲಿ ದ್ವೇಷವೇ ರಾಜ್ಯವಾಳುತ್ತಿತ್ತು. ಆ ದ್ವೇಷವನ್ನು ಯಾವ ಶಸ್ತ್ರವೈದ್ಯನೂ ತಿದ್ದಲಾಗಲಿಲ್ಲ.

ಇನ್ನು ಇಂದಿನ ಪರೀಕ್ಷೆಯ ಕ್ರಮ. ವೈದ್ಯರು ಮುಂದಿನಿಂದ, ಎರಡು ಪಕ್ಕಗಳಿಂದ, ಎರಡು ಓರೆಗಳಿಂದ, ಕೆಳಗಿನಿಂದ ಒಂದೇ ಬೆಳಕಿನಲ್ಲಿ ಛಾಯಾಚಿತ್ರಗಳನ್ನು ತೆಗೆಯುತ್ತಾರೆ. ಹುಬ್ಬುಗಳ ನಡುವಿನಿಂದ ಮೇಲ್ದುಟಿಯ ನಡುವಣ ತಗ್ಗಿಗೂ ಗಲ್ಲದ ನಡುವಿಗೂ ನೇರ ಗೆರೆ ಎಳೆದು, ಮೂಗು ಎಲ್ಲಿ ಆ ಗೆರೆಯನ್ನು ಬಿಟ್ಟು ವಾಲಿದೆಯೆಂದು ನೋಡುತ್ತಾರೆ. ಮೇಲಿನ ಮೂರನೆಯ ಒಂದು ಭಾಗ ಎಲುಬು; ನಡುವಣ ಭಾಗವೂ ತುದಿಯೂ ಮೃದ್ವಸ್ಥಿ. ಡೊಂಕು ಯಾವ ಭಾಗದ್ದೆಂದು ತಿಳಿಯದೆ ಚಿಕಿತ್ಸೆಯಿಲ್ಲ. ಬಹಳ ಸಲ ಮೂಲಕಾರಣ ಒಳಗಿನ ನಡುಗೋಡೆಯ ಡೊಂಕು. ಅದನ್ನು ನೇರಗೊಳಿಸದೆ ಹೊರಗನ್ನು ಮಾತ್ರ ತಿದ್ದಿದರೆ ಮೂಗು ಮತ್ತೆ ವಾಲುತ್ತದೆ. ಕೆಳಗಿನಿಂದ ನೋಡಿದಾಗ ಮೂಗಿನ ಬುಡ ಸಮಭುಜ ತ್ರಿಕೋನದಂತಿದೆಯೆ, ಹೊಳ್ಳೆಗಳು ಒಂದಕ್ಕೊಂದು ಹೋಲುತ್ತವೆಯೆ ಎಂದು ಪರೀಕ್ಷಿಸುತ್ತಾರೆ. ಕುಸಿದ ಮಗ್ಗುಲನ್ನು ಎತ್ತಲು ನಡುಗೋಡೆಯ ಪಕ್ಕದಲ್ಲಿ ಮೃದ್ವಸ್ಥಿಯ ಸಣ್ಣ ಪಟ್ಟಿಗಳನ್ನು ಇರಿಸುವ ಕ್ರಮವನ್ನು ಅಮೆರಿಕದ ಜ್ಯಾಕ್ ಶೀನ್ ಅವರು 1984ರಲ್ಲಿ ಪ್ರಕಟಿಸಿದರು. ಉಸಿರಾಟದ ದಾರಿಯನ್ನೂ ಅದು ತೆರೆದಿಡುತ್ತದೆ. ಮೂರು ಆಯಾಮದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂಡಿಸಿ ಎರಡು ಮಗ್ಗುಲುಗಳ ಅಂತರವನ್ನು ಮಿಲಿಮೀಟರುಗಳಲ್ಲಿ ಎಣಿಸುವುದೂ ಈಗ ಸಾಧ್ಯ. ಅಂದಿನ ಮೇಣದ ಕೆಲಸವನ್ನು ಇಂದು ಈ ಚಿತ್ರ ಮಾಡುತ್ತದೆ.

ಆದರೆ ಅಳತೆ ಸೂಕ್ಷ್ಮವಾದಷ್ಟೂ ಒಂದು ಸತ್ಯ ಸ್ಪಷ್ಟವಾಯಿತು: ಎರಡು ಮಗ್ಗುಲುಗಳೂ ಪೂರ್ಣವಾಗಿ ಸಮವಾಗಿರುವ ಮುಖವೇ ಇಲ್ಲ. ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ, ಒಂದು ಕೆನ್ನೆ ಇನ್ನೊಂದಕ್ಕಿಂತ ತುಂಬು. ಮುಖವೇ ಒಂದು ಕಡೆಗೆ ಬಾಗಿದ್ದರೆ ನೇರಗೊಳಿಸಿದ ಮೂಗೂ ಡೊಂಕಾಗಿಯೇ ಕಾಣಬಹುದು. ಕೆನಡಾದ ಲೆಸ್ಲಿ ಫರ್ಕಾಸ್ ಮತ್ತು ಸಂಗಡಿಗರು ಯುರೋಪಿನ ಕಲಾವಿದರು ಹಾಕಿಕೊಟ್ಟ ಪ್ರಮಾಣಸೂತ್ರಗಳನ್ನು ಜೀವಂತ ಮುಖಗಳ ಮೇಲೆ ಅಳೆದು ನೋಡಿ 1985ರಲ್ಲಿ ಪ್ರಕಟಿಸಿದಾಗ, ಆ ಸೂತ್ರಗಳಲ್ಲಿ ಹಲವು ಬಹುಪಾಲು ಜನರಿಗೆ ಒಪ್ಪುವುದಿಲ್ಲವೆಂದು ಕಂಡುಬಂದಿತು. ಮನುಷ್ಯನು ತನ್ನ ಮುಖವನ್ನು ದಿನವೂ ಕಾಣುವುದು ಕನ್ನಡಿಯಲ್ಲಿ, ಎಡಬಲ ತಿರುಗಿದಂತೆ. ಅದೇ ಮುಖ ಛಾಯಾಚಿತ್ರದಲ್ಲಿ ಬಂದಾಗ ಇದ್ದ ಸಣ್ಣ ವ್ಯತ್ಯಾಸವೂ ಹೊಸ ಊನದಂತೆ ತೋರುತ್ತದೆ.

ಅನುಭವಿ ವೈದ್ಯರು ಇದನ್ನು ಚಿಕಿತ್ಸೆಗೆ ಮೊದಲೇ ರೋಗಿಗೆ ತೋರಿಸಿಕೊಡುತ್ತಾರೆ. ಪೂರ್ಣ ಸಮತೆಯ ಭರವಸೆಯನ್ನು ಅವರು ಕೊಡುವುದಿಲ್ಲ. ಅಂತರವನ್ನು ಕಡಿಮೆ ಮಾಡುವ ಮಾತನ್ನಷ್ಟೇ ಕೊಡುತ್ತಾರೆ. ಮೃದ್ವಸ್ಥಿ ತನ್ನ ಹಳೆಯ ಬಾಗಿಗೆ ಮರಳಬಯಸುತ್ತದೆ. ಗಾಯದ ಅಂಗಾಂಶ ಎರಡು ಮಗ್ಗುಲುಗಳಲ್ಲಿಯೂ ಒಂದೇ ಬಗೆಯಾಗಿ ಕುಗ್ಗುವುದಿಲ್ಲ. ಫಲವನ್ನು ಒಂದು ವರ್ಷದ ಮೊದಲು ನಿರ್ಣಯಿಸಬಾರದು. ಮುಖದ ಬೆಳವಣಿಗೆ ಮುಗಿಯದ ಮಕ್ಕಳಿಗೆ ಅಂದಕ್ಕಾಗಿ ಈ ಚಿಕಿತ್ಸೆ ಸಲ್ಲದು. ಎಷ್ಟು ತಿದ್ದಿದರೂ ತೃಪ್ತಿಯಿಲ್ಲದೆ, ಇಲ್ಲದ ಡೊಂಕನ್ನೇ ಕಾಣುವ ಮನೋವ್ಯಾಧಿಯೂ ಉಂಟು. ಅಂಥವರಿಗೆ ಬೇಕಾದದ್ದು ಮನೋವೈದ್ಯರ ನೆರವು.

ಪೆಟ್ಟಿನಿಂದ ಮುರಿದ ಮೂಗು, ಉಸಿರಿಗೆ ತಡೆಯಾದ ಡೊಂಕು, ಹುಟ್ಟಿನಿಂದ ಸೀಳಿದ ತುಟಿಯೊಡನೆ ಬಂದ ವಿಕಾರ, ಇವುಗಳನ್ನು ತಿದ್ದಿಸಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ಮುಖದ ಬಗೆಗಿನ ನಿಜವಾದ ದುಃಖವನ್ನು ಒಣ ಜಂಭವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಆದರೆ ಸಂಬಂಧ ನೋಡಲು ಬಂದವರು ಆಡಿದ ಒಂದು ಮಾತಿಗಾಗಿ, ನೆಂಟರ ನಗೆಗಾಗಿ, ಉಸಿರಾಡಲು ತೊಡಕಿಲ್ಲದ, ಕೂಡಿಬಂದ ಮೂಗನ್ನು ಕತ್ತಿಗೆ ಒಡ್ಡುವ ಮೊದಲು ಮನೆಯ ಹಿರಿಯರು ಒಂದು ಕ್ಷಣ ನಿಲ್ಲಬೇಕು. ತಿದ್ದಬೇಕಾದುದು ಮೂಗೋ, ಆ ಮಾತೋ ಎಂದು ಕೇಳಿಕೊಳ್ಳಬೇಕು. ಅತಿಯಾಗಿ ತೆಗೆದ ಮೃದ್ವಸ್ಥಿಯನ್ನು ಮರಳಿ ತುಂಬುವುದು ಇಂದಿಗೂ ನಿಪುಣರಿಗೇ ಕಠಿಣವಾದ ಕೆಲಸ. ಕೋಪದಲ್ಲಿ ಕೊಯ್ದ ಮೂಗನ್ನು ಮರಳಿ ಕಟ್ಟುವ ವಿದ್ಯೆ ಲೋಕಕ್ಕೆ ದೊರೆತಿದೆ. ಆದರೂ ಆತುರದ ವಿಷಯದಲ್ಲಿ ಹಿರಿಯರ ಗಾದೆ ಸುಳ್ಳಾಗಿಲ್ಲ.