ರೈಲಿಲ್ಲದ ಹಳಿಯ ಮೇಲೆ

ನಮ್ಮ ಚಾರಣದ ದಾರಿಗಳಲ್ಲಿ ಹೆಚ್ಚಿನವು ಯಾರೋ ಬೇರೆ ಕೆಲಸಕ್ಕೆಂದು ಮಾಡಿಕೊಂಡವು. ಉಪ್ಪು ಹೊತ್ತ ಎತ್ತುಗಳು ಘಟ್ಟ ಹತ್ತಿ ಮೂಡಿಸಿದ ಜಾಡು, ಹರಕೆ ಹೊತ್ತವರು ಸವೆಸಿದ ಕಲ್ಲು, ದನ ಕಾಯುವವರ ಕಾಲುದಾರಿ. ಖುಷಿಗಾಗಿ ನಡೆಯುವ ನಮ್ಮಂಥವರು ಎಲ್ಲರಿಗಿಂತ ಕೊನೆಗೆ ಬಂದವರು. ಇವುಗಳಲ್ಲೆಲ್ಲ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ದಾರಿಯದು ಒಂದು ವಿಚಿತ್ರ ಕಥೆ. ಅದನ್ನು ಮಾಡಿದ್ದು ರೈಲಿಗಾಗಿ. ಅದು ಚಾರಣಿಗರಿಗೆ ಒದಗಿದ್ದು ರೈಲು ನಿಂತದ್ದರಿಂದ.

ಹಾಸನ–ಮಂಗಳೂರು ಮಾರ್ಗದ ಕೆಲಸ ಆರಂಭವಾದದ್ದು ಅರವತ್ತರ ದಶಕದಲ್ಲಿ. ರೈಲು ಓಡಿದ್ದು 1979ರಲ್ಲಿ. ಬಯಲಿನ ಕೆಲಸ ಏನೂ ಅಲ್ಲ. ಅಷ್ಟು ವರ್ಷ ತಿಂದದ್ದು ಘಟ್ಟದ ಸುಮಾರು 55 ಕಿ.ಮೀ. ಅದರಲ್ಲಿ 57 ಸುರಂಗಗಳು, 109 ಸೇತುವೆಗಳು. 50 ಅಡಿ ಮುಂದೆ ಹೋದರೆ 1 ಅಡಿ ಏರು. ನಡೆಯುವವನಿಗೆ ಇದು ಏರೆಂದೇ ಅನ್ನಿಸುವುದಿಲ್ಲ. ರೈಲಿಗೋ, ಹಿಂದಿನಿಂದ ಇನ್ನೊಂದು ಎಂಜಿನು ತಳ್ಳಿದರೇ ಉಸಿರು. ಬೆಟ್ಟವನ್ನು ಇಷ್ಟು ಸಮಾಧಾನದಿಂದ ಇಳಿಯುವ ದಾರಿ ಮಲೆನಾಡಿನಲ್ಲಿ ಬೇರೆ ಸಿಗಲಾರದು.

ಆ ಹಳಿ ಮೀಟರ್ ಗೇಜಿನದು, ಅಂದರೆ ಎರಡು ಕಂಬಿಗಳ ನಡುವೆ 1 ಮೀಟರು. ದೇಶದ ಹಳಿಯನ್ನೆಲ್ಲ 1,676 ಮಿ.ಮೀ. ಅಗಲದ ಬ್ರಾಡ್‌ಗೇಜಿಗೆ ತರುವ ಕೆಲಸ ನಡೆದಾಗ ಇದರ ಸರದಿಯೂ ಬಂತು. 1996ರಲ್ಲಿ ಘಟ್ಟದ ರೈಲು ನಿಂತಿತು. ಸರಕಿನ ರೈಲು ಮತ್ತೆ ಓಡಿದ್ದು 2006ರಲ್ಲಿ, ಜನರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಈ ಹತ್ತು ಹನ್ನೊಂದು ವರ್ಷವೇ ಬೆಂಗಳೂರಿನ ಹುಡುಗರ ಬಾಯಲ್ಲಿ 'ಗ್ರೀನ್ ರೂಟ್' ಎಂದು ಹೆಸರಾದ ಚಾರಣದ ಕಾಲ.

ನಾನು ಆ ದಾರಿಯಲ್ಲಿ ನಡೆದದ್ದು ಆ ವರ್ಷಗಳಲ್ಲೇ, ಮೂರು ಸಲ. ರಾತ್ರಿ ಬಸ್ಸಿನಲ್ಲಿ ಸಕಲೇಶಪುರಕ್ಕೆ ಬಂದು, ದೋಣಿಗಲ್ಲಿನಲ್ಲಿ ಇಡ್ಲಿ ತಿಂದು, ಹಳಿ ಹಿಡಿದರೆ ಸಂಜೆಯ ಹೊತ್ತಿಗೆ ಎಡಕುಮೇರಿ. ಸ್ಲೀಪರುಗಳ ಅಂತರ ಮನುಷ್ಯನ ಹೆಜ್ಜೆಗೆ ಹೊಂದುವುದೇ ಇಲ್ಲ. ಒಂದೊಂದಾಗಿ ತುಳಿದರೆ ಕೋಳಿ ನಡಿಗೆ, ಒಂದು ಬಿಟ್ಟು ತುಳಿದರೆ ಕುಪ್ಪಳಿಕೆ. ಜಲ್ಲಿಗಿಳಿದರೆ ಪಾದ ಹೊರಳುತ್ತದೆ. ಸುರಂಗದೊಳಗೆ ಬಾವಲಿಯ ವಾಸನೆ, ಟಾರ್ಚಿನ ಬೆಳಕಿಗೆ ಒಸರುವ ಬಂಡೆ. ಹೊರಗೆ ಬಂದ ಕೂಡಲೇ ಸೇತುವೆ. ಸ್ಲೀಪರುಗಳ ಸಂದಿಯಲ್ಲಿ ಬಹಳ ಕೆಳಗೆ ಹರಿಯುವ ನೀರು. ಇಂಬಳಗಳ ಮಾತು ಬೇಡ. ಬೆಟ್ಟ ಹತ್ತಿದ ಹೆಮ್ಮೆ ಇಲ್ಲಿಲ್ಲ. ಆದರೆ ಸಾಮಾನ್ಯ ಕಾಲಿನವನೂ ದಟ್ಟ ಕಾಡಿನ ಎದೆಯ ಮೇಲೆ ದಿನವಿಡೀ ನಡೆಯಬಹುದಿತ್ತು. ಎಷ್ಟೋ ಜನ ಚಾರಣವೆಂಬ ಹುಚ್ಚು ಹಿಡಿಸಿಕೊಂಡದ್ದು ಇಲ್ಲಿಯೇ.

ಎಡಕುಮೇರಿಗೆ ಮೋಟಾರು ರಸ್ತೆಯಿಲ್ಲ. ಮಂಗಳೂರಿನ ಹೆದ್ದಾರಿ ಕಣ್ಣಿಗೆ ಕಾಣುವಷ್ಟು ಹತ್ತಿರ; ಆದರೆ ಕಾಡಿನ ಜಾರು ಇಳಿದು ಕೆಂಪುಹೊಳೆ ದಾಟಬೇಕು. ಎರಡನೆಯ ಸಲ ಅಲ್ಲಿ ರಾತ್ರಿ ಉಳಿದಾಗ ಗ್ಯಾಂಗಿನ ಹಿರಿಯರೊಬ್ಬರು ನಮ್ಮ ಚೀಲಗಳನ್ನು ನೋಡಿ ನಕ್ಕರು. "ನೀವು ಖುಷಿಗೆ ಹೊತ್ಕೊಂಡು ಬರ್ತೀರಿ ಸಾರ್. ರೈಲು ನಿಂತ ಮೇಲೆ ನಾವು ಅಕ್ಕೀನೂ ಹೀಗೇ ತರಬೇಕು," ಎಂದರು. ದೂರಿನ ದನಿಯೇನೂ ಅಲ್ಲ. ಒಲೆಗೆ ಸೌದೆ ನೂಕುತ್ತ ಆಡಿದ ಮಾತು ಅಷ್ಟೆ.

ಈ ದಾರಿಯ ಚರಿತ್ರೆಯನ್ನು ಚಾರಣಿಗರ ಕಡೆಯಿಂದ ಮಾತ್ರ ಬರೆದರೆ ಆ ಅಕ್ಕಿ ಮೂಟೆ ಬಿಟ್ಟುಹೋಗುತ್ತದೆ. ನಮಗೆ ಸಿಕ್ಕ ಮೌನ ಕರಾವಳಿಯ ಲಕ್ಷಾಂತರ ಜನಕ್ಕೆ ತಪ್ಪಿದ ರೈಲು. ಅಷ್ಟು ವರ್ಷ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಶಿರಾಡಿಯ ಗುಂಡಿಗಳಲ್ಲಿ ಬಸ್ಸಿನಲ್ಲಿ ಕುಲುಕಬೇಕಿತ್ತು. ರೈಲೇ ಬೇಕೆಂದರೆ ಪಾಲಕ್ಕಾಡಿನ ಸುತ್ತು. ಹಳಿ ಬೇಗ ಆಗಲೆಂದು ಊರೂರಿನವರು ಕೂಗುತ್ತಿದ್ದಾಗ, ಇನ್ನೆರಡು ವರ್ಷ ಹೀಗೇ ಇರಲಿ ಎಂದು ನಾವು ಒಳಗೊಳಗೇ ಹಾರೈಸುತ್ತಿದ್ದೆವು. ಒಂದೇ ದಾರಿ, ಎರಡು ಹಾರೈಕೆ. ಗೆಲ್ಲಬೇಕಾದದ್ದೇ ಗೆದ್ದಿತು.

ರೈಲು ಬಂದ ಮೇಲೂ ನಡೆಯುವವರು ನಿಲ್ಲಲಿಲ್ಲ. ತೊಡಕು ಶುರುವಾದದ್ದು ಅಲ್ಲಿ. ಇಳಿಜಾರಿನಲ್ಲಿ ಭಾರದ ರೈಲನ್ನು ಥಟ್ಟನೆ ನಿಲ್ಲಿಸಲಾಗದು. ತಿರುವಿನಾಚೆ ಏನಿದೆಯೆಂದು ಚಾಲಕನಿಗೂ ಕಾಣದು. ಸುರಂಗದ ಗೋಡೆಯ ಗೂಡು, ಸೇತುವೆಯ ಬದಿಯ ಕಟ್ಟೆ ಇರುವುದು ಕೆಲಸಗಾರರಿಗಾಗಿ. ಅವು ಎಲ್ಲೆಲ್ಲಿವೆಯೆಂದು ಅವರಿಗೆ ಗೊತ್ತು, ಹೊಸಬನಿಗೆ ಗೊತ್ತಿಲ್ಲ. ಅನುಮತಿಯಿಲ್ಲದೆ ಹಳಿಯ ಜಾಗಕ್ಕೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. "ಹಿಂದೆ ಎಲ್ಲರೂ ನಡೀತಿದ್ರು" ಎಂಬ ಮಾತು ಈಗ ಸಲ್ಲದು. ಹಿಂದೆ ನಡೆದದ್ದು ರೈಲಿಲ್ಲದ ಹಳಿಯ ಮೇಲೆ. ನನ್ನನ್ನು ದಾರಿ ಕೇಳಿ ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಆ ಚಾರಣ ಮುಗಿದುಹೋದದ್ದು, ಬೇರೆ ಬೆಟ್ಟ ನೋಡಿಕೊಳ್ಳಿ.

2021ರ ಜುಲೈಯಿಂದ ಈ ಮಾರ್ಗದ ಹಗಲು ರೈಲಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿ ಬಂತು. ಅದರಲ್ಲಿ ಕುಳಿತು ನಾನೂ ಒಮ್ಮೆ ಇಳಿದೆ. ನಾವು ಒಂದು ಹಗಲು ನಡೆದದ್ದು ಕಾಫಿ ಆರುವುದರೊಳಗೆ ಹಿಂದೆ ಸರಿಯಿತು.

ಆದರೆ ಬೆಟ್ಟ ಸುಮ್ಮನಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈಯಲ್ಲಿ ಕಡಗರವಳ್ಳಿಯ ಬಳಿ ಮತ್ತೆ ಮಣ್ಣು ಕುಸಿಯಿತು. ಹಾಗಾಗಿ ಮಳೆಗಾಲದಲ್ಲಿ ಇಲ್ಲಿ ಇಂದಿಗೂ ಒಬ್ಬ ನಡೆಯುತ್ತಾನೆ: ಕೈಯಲ್ಲಿ ದೀಪ, ಮೈಮೇಲೆ ಮಳೆಯಂಗಿ, ಕಿವಿ ಗುಡ್ಡದ ಕಡೆಗೆ. ಗಾಜಿನ ಡಬ್ಬಿಯವರು ನೆಮ್ಮದಿಯಿಂದ ಕಾಡು ನೋಡುವುದು ಅವನ ನಡಿಗೆಯ ಮೇಲೆ.