ಎಷ್ಟು ಆಳಕ್ಕೆ?: ಮೈಕ್ರೋಡರ್ಮಾಬ್ರೇಶನ್ ನಡೆದುಬಂದ ದಾರಿ

ಚರ್ಮವನ್ನು ಉಜ್ಜಿ ಹೊಸದಾಗಿಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಸಲಕರಣೆಗಳ ಚರಿತ್ರೆಯಾಗಿ ಹೇಳಲಾಗುತ್ತದೆ. ಮೊದಲು ಪುಡಿ, ಆಮೇಲೆ ಮರಳುಕಾಗದ, ತಂತಿಬ್ರಷ್ಷು, ಕೊನೆಗೆ ಹರಳು ಚಿಮ್ಮುವ ಯಂತ್ರ. ಆದರೆ ಇವೆಲ್ಲದರ ಹಿಂದೆ ಒಂದೇ ಪ್ರಶ್ನೆ ಕೆಲಸ ಮಾಡಿದೆ: ಚರ್ಮದಲ್ಲಿ ಎಷ್ಟು ಆಳಕ್ಕೆ ಇಳಿಯಬೇಕು? ಮೈಕ್ರೋಡರ್ಮಾಬ್ರೇಶನ್ ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ತೀರ ಮೇಲುಪದರದ್ದು. ಅದರ ಗುಣವೂ ಮಿತಿಯೂ ಹುಟ್ಟುವುದು ಅಲ್ಲಿಂದಲೇ ಎಂಬುದು ಈ ಲೇಖನದ ವಾದ.

ಉಜ್ಜುವ ರೂಢಿ ಬಹಳ ಹಳೆಯದು. ಕ್ರಿ.ಪೂ. ಸುಮಾರು 1550ರ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಅಲಬಾಸ್ಟರ್ ಪುಡಿ, ನೇಟ್ರಾನ್ ಕ್ಷಾರ, ಉಪ್ಪು, ಜೇನು ಬೆರೆಸಿ ಚರ್ಮಕ್ಕೆ ಹಚ್ಚುವ ಯೋಗವಿದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೇ ಅಧ್ಯಾಯ ಉದ್ವರ್ತನ (ಪುಡಿ ಹಚ್ಚಿ ತಿಕ್ಕುವುದು), ಉದ್ಘರ್ಷಣ (ಗಟ್ಟಿ ವಸ್ತುವಿನಿಂದ ಉಜ್ಜುವುದು) ಇವೆರಡನ್ನು ಬೇರೆಬೇರೆಯಾಗಿಯೇ ಹೇಳುತ್ತದೆ. ತುರಿಕೆಗೆ ಇಟ್ಟಿಗೆಯಿಂದ ಉಜ್ಜುವುದನ್ನೂ ಸೂಚಿಸುತ್ತದೆ. ಇವನ್ನು ಇಂದಿನ ಯಂತ್ರದ ನೇರ ಪೂರ್ವಜರೆಂದು ಕರೆಯುವುದು ಅತಿಯಾದೀತು. ಇವುಗಳಲ್ಲಿ ಉಜ್ಜುವ ಕೆಲಸವಿದೆ. ಆಳವನ್ನು ಅಳೆದು ನಿಲ್ಲಿಸುವ ವಿಚಾರವಿಲ್ಲ.

ಆ ವಿಚಾರ ಸ್ಪಷ್ಟವಾಗಿ ಕಾಣುವುದು ಜರ್ಮನಿಯ ಚರ್ಮವೈದ್ಯ ಅರ್ನ್ಸ್ಟ್ ಕ್ರೋಮಾಯರ್ ಅವರಲ್ಲಿ. 1905ರಲ್ಲಿ ಅವರು ದಂತವೈದ್ಯರ ಕೊರೆಯುವ ಯಂತ್ರದಂತೆ ಮೋಟಾರಿನಿಂದ ತಿರುಗುವ ಉಪಕರಣಗಳನ್ನು ಚರ್ಮದ ಚಿಕಿತ್ಸೆಗೆ ತಂದರು. ಚರ್ಮವನ್ನು ಮೊದಲು ತಣಿಸಿ ಗಟ್ಟಿ ಮಾಡಿಕೊಂಡು ನಂತರ ಕೆರೆಯುತ್ತಿದ್ದರು. ಯಂತ್ರಕ್ಕಿಂತ ಅವರ ಗಮನಿಕೆ ದೊಡ್ಡದು: ಗಾಯ ಒಳಚರ್ಮದ ಕೆಳಪದರವನ್ನು ಮುಟ್ಟದಿದ್ದರೆ ಕಲೆ ಉಳಿಯದೆ ಮಾಯುತ್ತದೆ. ಕೂದಲಿನ ಬುಡಗಳಲ್ಲಿಯೂ ಗ್ರಂಥಿಗಳಲ್ಲಿಯೂ ಉಳಿದ ಕೋಶಗಳು ಮೇಲೆ ಹರಡಿ ಹೊಸ ಹೊರಚರ್ಮವನ್ನು ಕಟ್ಟುತ್ತವೆ. ಮುಂದಿನ ಇಡೀ ಶತಮಾನ ಈ ನಿಯಮದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅಮೆರಿಕದಲ್ಲಿ 1947ರಲ್ಲಿ ವೈದ್ಯ ಐವರ್ಸನ್ ಅಪಘಾತದಿಂದ ಮುಖದ ಚರ್ಮದೊಳಗೆ ಸೇರಿದ್ದ ಕಪ್ಪು ಕಣಗಳನ್ನು ಮರಳುಕಾಗದದಿಂದ ತೆಗೆದರು. 1953ರಲ್ಲಿ ನ್ಯೂಯಾರ್ಕಿನ ಅಬ್ನರ್ ಕರ್ಟಿನ್ ವೇಗವಾಗಿ ತಿರುಗುವ ತಂತಿಬ್ರಷ್ಷನ್ನು ಬಳಸಿದ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಡರ್ಮಾಬ್ರೇಶನ್, ಅಂದರೆ ಚರ್ಮವನ್ನು ಆಳವಾಗಿ ಕೆರೆಯುವ ಚಿಕಿತ್ಸೆ, ಚರ್ಮವೈದ್ಯರ ಕೈಗೆ ಬಂತು. ಮೊಡವೆಯ ಗುಳಿಗಳಿಗೆ ಅದು ನಿಜಕ್ಕೂ ಪರಿಣಾಮಕಾರಿಯಾಗಿತ್ತು. ಅದಕ್ಕೆ ತೆರಬೇಕಾದ ಬೆಲೆಯೂ ಹೆಚ್ಚಿತ್ತು. ರಕ್ತ ಒಸರುವ ಹಸಿಗಾಯ, ವಾರಗಟ್ಟಲೆ ಕೆಂಪು, ಕೈ ಸ್ವಲ್ಪ ತಪ್ಪಿದರೆ ಹೊಸ ಕಲೆ. ಕಂದು ಮೈಬಣ್ಣದವರಿಗೆ ಚರ್ಮ ಕಪ್ಪಾಗುವ ಅಥವಾ ಬಣ್ಣ ಕಳೆದುಕೊಳ್ಳುವ ಭಯ. 1980ರ ದಶಕದಲ್ಲಿ ಎಚ್‌ಐವಿ ಆತಂಕ ಬಂದಾಗ, ಬ್ರಷ್ಷು ಗಾಳಿಗೆ ಎರಚುವ ರಕ್ತದ ಸೂಕ್ಷ್ಮ ಹನಿಗಳು ವೈದ್ಯರನ್ನೇ ಹಿಂಜರಿಯುವಂತೆ ಮಾಡಿದವು.

ಇದೇ ದಶಕದಲ್ಲಿ, 1985ರಲ್ಲಿ, ಇಟಲಿಯ ಮರೀನಿ ಮತ್ತು ಲೋ ಬ್ರುಟ್ಟೊ ಬೇರೆ ದಾರಿ ಹಿಡಿದರು. ಕೊಳವೆಯೊಂದು ಅಲ್ಯೂಮಿನಿಯಂ ಆಕ್ಸೈಡ್ ಹರಳುಗಳನ್ನು ಚರ್ಮದ ಮೇಲೆ ಹಾಯಿಸುತ್ತದೆ. ನಿರ್ವಾತದ ಸೆಳೆತ ಅವನ್ನೂ ಉದುರಿದ ಸತ್ತ ಕೋಶಗಳನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ. ಇದೇ ಮೈಕ್ರೋಡರ್ಮಾಬ್ರೇಶನ್. ಹಳೆಯ ಮೈಸೂರು ಸೀಮೆಯಲ್ಲಿ ಅಗೆಯುತ್ತಿದ್ದ ಕುರುಂದದ ಕಲ್ಲೂ ಅಲ್ಯೂಮಿನಿಯಂ ಆಕ್ಸೈಡೇ. ಮೋಸ್ ಮಾಪಕದಲ್ಲಿ ಅದರ ಗಡಸುತನ 9. ಕಣಗಳನ್ನು ಚಿಮ್ಮಿಸಿ ಸವೆಸುವ ತತ್ವವೂ ಹೊಸದಲ್ಲ. ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲೇ ಮರಳು ಚಿಮ್ಮಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. 1940ರ ದಶಕದಲ್ಲಿ ದಂತವೈದ್ಯ ರಾಬರ್ಟ್ ಬ್ಲ್ಯಾಕ್ ಹಲ್ಲು ಕೊರೆಯಲು ಇದೇ ತತ್ವವನ್ನು ಬಳಸಿದರು. ಕ್ರೋಮಾಯರ್ ಕಾಲದಂತೆ ಈಗಲೂ ಚರ್ಮವೈದ್ಯರ ಉಪಕರಣಕ್ಕೆ ದಂತವೈದ್ಯಕೀಯದಲ್ಲಿ ಒಬ್ಬ ಅಣ್ಣನಿದ್ದ.

ಈ ಬಾರಿ ಗಾಯವೇ ಇರಲಿಲ್ಲ. ಸಾಮಾನ್ಯ ಒತ್ತಡದಲ್ಲಿ ಯಂತ್ರ ಸವೆಸುವುದು ಬಹುಮಟ್ಟಿಗೆ ಹೊರಚರ್ಮದ ಮೇಲಿನ ಸತ್ತ ಕೋಶಗಳ ಪದರವನ್ನು. ಮುಖದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಅರಿವಳಿಕೆ ಬೇಡ, ರಜೆ ಬೇಡ. 1995ರಲ್ಲಿ ತೈವಾನಿನ ವೈದ್ಯರು 41 ಮಂದಿಯ ಮುಖದ ಕಲೆಗಳಿಗೆ ಇದನ್ನು ಬಳಸಿ ಒಳ್ಳೆಯ ಫಲ ವರದಿ ಮಾಡಿದರು. ಅದಕ್ಕೆ ಸರಾಸರಿ ಒಂಬತ್ತಕ್ಕಿಂತ ಹೆಚ್ಚು ಸರದಿಗಳು ಬೇಕಾದವು. 1990ರ ದಶಕದ ಉತ್ತರಾರ್ಧದಲ್ಲಿ ವಿಧಾನ ಅಮೆರಿಕಕ್ಕೆ ಬಂತು. ಅಲ್ಲಿಯ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಅತಿ ಕಡಿಮೆ ಅಪಾಯದ ಮೊದಲ ವರ್ಗದ ಸಾಧನಗಳಿಗೆ ಸೇರಿಸಿದ್ದರಿಂದ, ಮಾರಾಟಕ್ಕೆ ಮುನ್ನ ಪರಿಣಾಮವನ್ನು ಸಾಬೀತುಪಡಿಸುವ ಹೊಣೆ ತಯಾರಕರಿಗೆ ಬೀಳಲಿಲ್ಲ. ಬೇಗನೆ ಯಂತ್ರ ಕ್ಲಿನಿಕ್ಕಿನಿಂದ ಬ್ಯೂಟಿ ಪಾರ್ಲರಿಗೆ ದಾಟಿತು, ಪುರಾವೆಗಿಂತ ಮುಂಚೆಯೇ. ಹರಳುಗಳು ಕಣ್ಣಿಗೆ ಬಿದ್ದರೆ ಗಾಯವಾಗಬಹುದು, ಉಸಿರಿನಲ್ಲಿ ಸೇರಬಹುದು. ಈ ಕಾರಣಕ್ಕೂ ಮುಂದೆ ವಜ್ರದ ಪುಡಿ ಕೂರಿಸಿದ ತುದಿಗಳು ಬಳಕೆಗೆ ಬಂದವು.

ಪುರಾವೆಯ ದೊಡ್ಡ ಭಾಗ ಬಂದದ್ದು ಮಿಷಿಗನ್ ವಿಶ್ವವಿದ್ಯಾಲಯದಿಂದ. ಕರೀಮಿಪೂರ್ ಮತ್ತು ಸಂಗಡಿಗರು 2005ರಲ್ಲಿ, ಒಂದೇ ಸರದಿಯ ನಂತರವೂ ಚರ್ಮದಲ್ಲಿ ಗಾಯ ಮಾಯುವಾಗಿನಂಥ ಅಣುಮಟ್ಟದ ಸಂಕೇತಗಳು ಎಚ್ಚರಗೊಳ್ಳುತ್ತವೆ ಎಂದು ತೋರಿಸಿದರು. ಆದರೆ ಸಂಕೇತ ಎದ್ದ ಮಾತ್ರಕ್ಕೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಹುಟ್ಟಬೇಕೆಂದಿಲ್ಲ. 2009ರಲ್ಲಿ ಅದೇ ತಂಡ ಬಿಸಿಲಿಗೆ ಬಳಲಿದ ಚರ್ಮದ ಮೇಲೆ ಒರಟು ಮತ್ತು ಮಧ್ಯಮ ಒರಟಿನ ವಜ್ರದ ತುದಿಗಳನ್ನು ಹೋಲಿಸಿತು. ಒರಟು ತುದಿಯಿಂದ ಹೊಸ ಕೊಲಾಜೆನ್ ತಯಾರಿ ಹೆಚ್ಚಿತು. ಮಧ್ಯಮ ಒರಟಿನ ತುದಿಯಿಂದ ಹೆಚ್ಚಲಿಲ್ಲ. ಆಳದಿಂದ ಹಿಂದೆ ಸರಿದು ಬಂದ ವಿಧಾನಕ್ಕೆ ಪ್ರಯೋಗಾಲಯ ಮತ್ತೆ ಆಳವನ್ನೇ ತೋರಿಸಿತು.

ಹೀಗಾಗಿ ಮಂಕಾದ ಮೈಬಣ್ಣಕ್ಕೆ, ಒರಟು ಮೇಲ್ಮೈಗೆ, ಮೇಲುಮೇಲಿನ ಕಲೆಗೆ ಸಾಧಾರಣ ಚಿಕಿತ್ಸೆ ತಕ್ಕದ್ದು. ಆಳವಾದ ಮೊಡವೆ ಗುಳಿ ಐದಾರು ಸರದಿಯಲ್ಲಿ ಹೋಗುತ್ತದೆ ಎಂಬ ಜಾಹೀರಾತಿಗೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ನಮ್ಮ ಕಂದು ಚರ್ಮದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕೊಲಾಜೆನ್ ಹುಟ್ಟಿಸುವಷ್ಟು ಒತ್ತಿದರೆ ಉರಿಯೂತದ ನಂತರದ ಕಪ್ಪು ಕಾಡಬಹುದು, ಅದು ತಿಳಿಯಾಗಲು ತಿಂಗಳುಗಳು ಬೇಕು. ಅದಕ್ಕೇ ಒತ್ತಡವನ್ನು ಕಡಿಮೆಯಿಂದ ಆರಂಭಿಸಿ, ಸರದಿಗಳ ನಡುವೆ ಬಿಡುವು ಕೊಟ್ಟು, ಬಿಸಿಲಿನಿಂದ ಚರ್ಮವನ್ನು ಕಾಯಬೇಕಾಗುತ್ತದೆ.